ಎಣ್ಣೆಗೆ ಹೆಸರು ಕೊಟ್ಟ ಮನುಷ್ಯ: ರುಡಾಲ್ಫ್ ಡೀಸೆಲ್

ನಾವು ದಿನಕ್ಕೆ ಎಷ್ಟು ಸಲ ಒಬ್ಬ ಮನುಷ್ಯರ ಹೆಸರು ಹೇಳ್ತೇವೆ ಎಂದು ಲೆಕ್ಕ ಇಟ್ಟರೆ ಆಶ್ಚರ್ಯ ಆದೀತು. ಬೆಳಗ್ಗಿನ ಬಸ್ಸು ಬಂಟ್ವಾಳಕ್ಕೆ ಹೋಗ್ಲಿಕ್ಕೆ ಡೀಸೆಲ್ ಬೇಕು. ಸಿದ್ದಕಟ್ಟೆಯಿಂದ ಮೂಡಬಿದಿರೆಗೆ ಅಡಿಕೆ ಮೂಟೆ ಒಯ್ಯುವ ಪಿಕಪ್ಪಿಗೆ ಡೀಸೆಲ್ ಬೇಕು. ಗದ್ದೆ ಉಳುವ ಟಿಲ್ಲರಿಗೆ, ಕರೆಂಟು ಕೈಕೊಟ್ಟ ದಿನ ಮದುವೆ ಮನೆಯ ಜನರೇಟರಿಗೆ, ಎಲ್ಲದಕ್ಕೂ ಡೀಸೆಲ್. ಡೀಸೆಲ್ ಅಂದರೆ ಒಂದು ಎಣ್ಣೆ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ಅದು ಒಬ್ಬ ಇಂಜಿನಿಯರರ ಮನೆತನದ ಹೆಸರು, ಅವರು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಾಲದ ಹೊರೆಯಲ್ಲಿ ಸಮುದ್ರದ ಪಾಲಾದರು ಎಂಬುದು ಗೊತ್ತಿರುವವರು ಕಡಿಮೆ.

ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಜರ್ಮನಿಯ ಇಂಜಿನಿಯರರ ಕತೆ ಯಾಕೆ ಎಂದು ಸದಸ್ಯ ಬಾಂಧವರು ಕೇಳಿಯಾರು. ಅದಕ್ಕೆ ಎರಡು ಕಾರಣ ಉಂಟು. ಸೊಸೈಟಿಯ ಜಗಲಿಯಲ್ಲಿ ಆಗಾಗ ಏಳುವ ಒಂದು ಪ್ರಶ್ನೆ ಮೊದಲನೆಯದು. ಹೊಂಗೆ ಬೀಜ ರಸ್ತೆ ಬದಿಯಲ್ಲಿ ಬಿದ್ದು ಹಾಳಾಗ್ತದೆ, ಬೆಳ್ತಂಗಡಿ ಕಡೆಯ ರಬ್ಬರ್ ತೋಟಗಳಲ್ಲಿ ರಬ್ಬರ್ ಬೀಜವನ್ನು ಕೇಳುವವರಿಲ್ಲ, ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆ ಚರಂಡಿಗೆ ಹೋಗ್ತದೆ. ಇದರಿಂದ ಬಯೋಡೀಸೆಲ್ ಮಾಡ್ಲಿಕ್ಕೆ ಆಗುವುದಿಲ್ಲವೇ, ಸಂಘವೇ ಒಂದು ಮಿಲ್ಲು ಹಾಕಬಾರದೇ ಎಂಬುದು ಆ ಪ್ರಶ್ನೆ. ಇನ್ನೊಂದು ಕಾರಣವನ್ನು ಕತೆಯ ನಡುವೆಯೇ ಹೇಳುತ್ತೇವೆ. ಅದು ಸಹಕಾರಕ್ಕೆ ಸಂಬಂಧಪಟ್ಟದ್ದು.

ಕೈಗಾಡಿಯ ಹುಡುಗ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸಿನಲ್ಲಿ. ತಂದೆ ಥಿಯೋಡೋರ್, ತಾಯಿ ಎಲೀಸ್. ಇಬ್ಬರೂ ಜರ್ಮನಿಯ ಬವೇರಿಯಾ ಕಡೆಯಿಂದ ಬದುಕು ಹುಡುಕಿಕೊಂಡು ಹೋದವರು. ನಮ್ಮವರು ಬೊಂಬಾಯಿಗೆ ಹೋದ ಹಾಗೆ ಅಂತ ಇಟ್ಟುಕೊಳ್ಳಿ. ತಂದೆ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬಿನವರು, ಪ್ಯಾರಿಸಿನಲ್ಲಿ ಚರ್ಮದ ಸಾಮಾನು ಮಾಡಿ ಮಾರುತ್ತಿದ್ದರು. ಮಾಡಿದ ಸಾಮಾನನ್ನು ಕೈಗಾಡಿಯಲ್ಲಿಟ್ಟು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಹುಡುಗನದ್ದು. ಬಿಡುವು ಸಿಕ್ಕಿದರೆ ಅವನು ಓಡುತ್ತಿದ್ದದ್ದು ಪ್ಯಾರಿಸಿನ ಯಂತ್ರಗಳ ಮ್ಯೂಸಿಯಮ್ಮಿಗೆ. ಅಲ್ಲಿ ಕೂತು ಹಳೆಯ ಯಂತ್ರಗಳ ಚಿತ್ರ ಬರೆಯುವುದೆಂದರೆ ಅವನಿಗೆ ಹಸಿವು ಕೂಡ ಮರೆತು ಹೋಗುತ್ತಿತ್ತು.

1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಹತ್ತಿತು. ಜರ್ಮನ್ ಕುಟುಂಬಗಳು ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಮನೆಯವರು ಲಂಡನ್ನಿಗೆ ಹೋದರು. ಅಲ್ಲಿ ಎಲ್ಲರ ಹೊಟ್ಟೆಗೆ ಸಾಕಾಗುವಷ್ಟು ಸಂಪಾದನೆ ಇಲ್ಲ. ಹಾಗಾಗಿ ಹನ್ನೆರಡು ವರ್ಷದ ರುಡಾಲ್ಫನನ್ನು ಒಬ್ಬನನ್ನೇ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣಕ್ಕೆ ಕಳಿಸಿದರು. ಅಲ್ಲಿ ಲೆಕ್ಕದ ಮಾಸ್ತರರಾಗಿದ್ದ ಬಂಧು ಬಾರ್ನಿಕೆಲ್ ಮತ್ತು ಅವರ ಹೆಂಡತಿ ಹುಡುಗನನ್ನು ಮನೆಯಲ್ಲಿ ಇಟ್ಟುಕೊಂಡು ಓದಿಸಿದರು. ನೆಂಟರ ಮನೆಯಲ್ಲಿ ನಿಂತು ಶಾಲೆ ಕಲಿತವರು ನಮ್ಮ ಊರಿನಲ್ಲೂ ಬೇಕಾದಷ್ಟು ಜನ ಇದ್ದಾರೆ, ಆ ಕಷ್ಟ ಎಂತದು ಎಂದು ಅವರಿಗೆ ಗೊತ್ತು. ಹದಿನಾಲ್ಕನೇ ವರ್ಷದಲ್ಲಿ ಹುಡುಗ ತಂದೆತಾಯಿಗೆ ಕಾಗದ ಬರೆದು, ತಾನು ಇಂಜಿನಿಯರ್ ಆಗುವುದೇ ಸೈ ಎಂದು ತಿಳಿಸಿದ. ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗನಾದ. ಸ್ಕಾಲರ್‌ಶಿಪ್ ಸಿಕ್ಕಿತು, ಮ್ಯೂನಿಕ್ ನಗರದ ಪಾಲಿಟೆಕ್ನಿಕ್ ಸೇರಿದ.

ಅಲ್ಲಿ ಅವರಿಗೆ ಸಿಕ್ಕಿದ ಗುರುಗಳು ಕಾರ್ಲ್ ಫಾನ್ ಲಿಂಡೆ. ಮಂಜುಗಡ್ಡೆ ಮಾಡುವ ಶೀತಲ ಯಂತ್ರಗಳಿಂದ ಹೆಸರಾದವರು. ಒಂದು ದಿನ ಪಾಠದಲ್ಲಿ ಲಿಂಡೆಯವರು ಹಬೆ ಯಂತ್ರದ ದುಂದುಗಾರಿಕೆಯನ್ನು ವಿವರಿಸಿದರು. ಒಲೆಗೆ ಹಾಕಿದ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲು ಮಾತ್ರ ಕೆಲಸಕ್ಕೆ ಬರ್ತದೆ, ಉಳಿದದ್ದು ಹೊಗೆಗೊಳವೆಯಲ್ಲಿ ಆಕಾಶಕ್ಕೆ. ಈ ಮಾತು ವಿದ್ಯಾರ್ಥಿಯ ತಲೆಯಲ್ಲಿ ಮುಳ್ಳಿನ ಹಾಗೆ ಕೂತಿತು. 1879ರಲ್ಲಿ ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿತು. ಮರುವರ್ಷ, 1880ರಲ್ಲಿ, ಪರೀಕ್ಷೆಗೆ ಕೂತು ಬಹಳ ಉತ್ತಮ ಅಂಕಗಳಲ್ಲಿ ಪಾಸಾದರು.

ಒತ್ತಿದ ಗಾಳಿಯ ಬಿಸಿ

ಮುಂದಿನ ಹತ್ತು ವರ್ಷ ಗುರುಗಳ ಮಂಜುಗಡ್ಡೆ ಕಂಪೆನಿಯಲ್ಲಿ ಪ್ಯಾರಿಸಿನಲ್ಲಿ ಕೆಲಸ. 1883ರಲ್ಲಿ ಮಾರ್ತಾ ಎಂಬವರನ್ನು ಮದುವೆಯಾದರು. ಮೂರು ಮಕ್ಕಳಾದರು. ಕೆಲಸದ ನಡುವೆ ಅಮೋನಿಯಾ ಆವಿಯಿಂದ ಓಡುವ ಇಂಜಿನ್ ಮಾಡ್ಲಿಕ್ಕೆ ಹೋಗಿ ಅದು ಸಿಡಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದರು. ಆದರೂ ಹಠ ಬಿಡಲಿಲ್ಲ.

ಅವರು ಕಂಡುಕೊಂಡ ತತ್ವವನ್ನು ಸೈಕಲ್ ಪಂಪು ಹಿಡಿದವರೆಲ್ಲ ಕೈಯಾರೆ ಕಂಡಿದ್ದಾರೆ. ಗಾಳಿ ಹಾಕುತ್ತಾ ಹೋದ ಹಾಗೆ ಪಂಪಿನ ತಳ ಬಿಸಿ ಆಗ್ತದೆ. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ತನ್ನಿಂದ ತಾನೇ ಕಾಯುತ್ತದೆ. ಇನ್ನೂ ಒತ್ತಿದರೆ, ಅದಕ್ಕೆ ಎಣ್ಣೆಯ ತುಂತುರು ಬಿದ್ದ ಕೂಡಲೇ ಬೆಂಕಿ ಹತ್ತುವಷ್ಟು ಬಿಸಿ ಆಗ್ತದೆ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬೇಕು. ಇದಕ್ಕೆ ಪ್ಲಗ್ಗು ಬೇಡ, ಕಿಡಿ ಬೇಡ. ಒತ್ತಡವೇ ಬೆಂಕಿ. ಈ ವಿಚಾರಕ್ಕೆ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1893ರಲ್ಲಿ ಅದು ಮಂಜೂರಾಯಿತು. ದೊಡ್ಡ ಕಾರ್ಖಾನೆಗಳ ಹಬೆ ಯಂತ್ರದ ಎದುರು ಸಣ್ಣ ಕಸುಬಿನವರು ಸೋತು ಹೋಗುತ್ತಿದ್ದಾರೆ, ಅವರ ಅಂಗಡಿಯಲ್ಲಿ ಇಡಬಹುದಾದ ಸಣ್ಣ ಯಂತ್ರ ಬೇಕು ಎಂಬ ಆಸೆಯೂ ಅವರಿಗೆ ಇತ್ತು.

ಕಾಗದದ ಮೇಲಿನ ಲೆಕ್ಕ ಬೇರೆ, ಕಬ್ಬಿಣದ ಮೇಲಿನ ಲೆಕ್ಕ ಬೇರೆ. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪೆನಿ ಹಣ ಹಾಕಿದವು. 1893ರ ಆಗಸ್ಟ್ 10ರಂದು ಮೊದಲ ಇಂಜಿನ್ನಿಗೆ ಎಣ್ಣೆ ಬಿಟ್ಟಾಗ ಬೆಂಕಿ ಹತ್ತಿದ್ದು ನಿಜ, ಆದರೆ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರುಗಳು ಹಾರಿದವು. ಜೀವ ಉಳಿದದ್ದೇ ಪುಣ್ಯ. 1894ರ ಫೆಬ್ರವರಿಯಲ್ಲಿ ಯಂತ್ರ ಸ್ವಂತ ಬಲದಿಂದ ಒಂದು ನಿಮಿಷ ಓಡಿತು. ಅದು ಸರಿಯಾಗಿ ದುಡಿಯುವ ಯಂತ್ರವಾಗಲು ಮತ್ತೆ ಮೂರು ವರ್ಷ ಹಿಡಿಯಿತು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಶ್ರೋಟರ್ ಎಂಬವರು ಎಲ್ಲರೆದುರು ಪರೀಕ್ಷೆ ಮಾಡಿದರು. ಎಣ್ಣೆಯ ಶಾಖದಲ್ಲಿ ಶೇಕಡಾ 26.2 ಪಾಲು ಕೆಲಸಕ್ಕೆ ಬಂತು. ಆ ಕಾಲದ ಹಬೆ ಯಂತ್ರಕ್ಕೆ ಹೋಲಿಸಿದರೆ ಎರಡು ಮೂರು ಪಟ್ಟು. ಆ ಯಂತ್ರವನ್ನು ಇಂದಿಗೂ ಮ್ಯೂನಿಕ್ಕಿನ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರೆ.

ನೆಲಕಡಲೆ ಎಣ್ಣೆಯ ಕತೆ

ಈಗ ನಮ್ಮ ಪ್ರಶ್ನೆಗೆ ಬರುವ. ಪ್ರತಿ ವರ್ಷ ಆಗಸ್ಟ್ 10ನ್ನು ಜೈವಿಕ ಇಂಧನ ದಿನ ಎಂದು ಆಚರಿಸ್ತಾರೆ. ಆ ದಿನ 1893ರಲ್ಲಿ ಡೀಸೆಲ್‌ರು ನೆಲಕಡಲೆ ಎಣ್ಣೆಯಿಂದ ಇಂಜಿನ್ ಓಡಿಸಿದರು ಎಂದು ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಆ ದಿನ ಹಾಕಿದ್ದು ಪೆಟ್ರೋಲಿನ ಜಾತಿಯ ಎಣ್ಣೆ, ಇಂಜಿನ್ ಸ್ವಂತ ಬಲದಿಂದ ಓಡಲೂ ಇಲ್ಲ. ಡೀಸೆಲ್‌ರ ಮೊದಲ ಆಲೋಚನೆಯಲ್ಲಿ ಕಲ್ಲಿದ್ದಲಿನ ಹುಡಿ ಕೂಡ ಇತ್ತು.

ನೆಲಕಡಲೆ ಎಣ್ಣೆಯ ಸಂಗತಿ ನಡೆದದ್ದು 1900ರಲ್ಲಿ, ಪ್ಯಾರಿಸಿನ ಮಹಾ ವಸ್ತುಪ್ರದರ್ಶನದಲ್ಲಿ. ಫ್ರೆಂಚ್ ಸರಕಾರಕ್ಕೆ ಆಫ್ರಿಕದಲ್ಲಿ ವಸಾಹತುಗಳಿದ್ದವು. ಅಲ್ಲಿ ನೆಲಕಡಲೆ ಧಾರಾಳ, ಕಲ್ಲಿದ್ದಲು ಮತ್ತು ಸೀಮೆಎಣ್ಣೆ ಹೊರಗಿನಿಂದ ಬರಬೇಕು. ಅಲ್ಲೇ ಬೆಳೆದದ್ದರಿಂದ ಯಂತ್ರ ಓಡೀತೇ ಎಂದು ಸರಕಾರ ಕೇಳಿತು. ಅದರಂತೆ ಓಟೋ ಕಂಪೆನಿಯವರು ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ನೆಲಕಡಲೆ ಎಣ್ಣೆಯಿಂದ ಓಡಿಸಿ ತೋರಿಸಿದರು. ಯಂತ್ರದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಅದು ಎಷ್ಟು ಸಲೀಸಾಗಿ ಓಡಿತೆಂದರೆ, ನೋಡಿದವರಲ್ಲಿ ಹೆಚ್ಚಿನವರಿಗೆ ಒಳಗಿನ ಎಣ್ಣೆ ಬೇರೆ ಎಂದು ಗೊತ್ತೇ ಆಗಲಿಲ್ಲ. ಡೀಸೆಲ್‌ರು ನಂತರ ಸ್ವತಃ ಪರೀಕ್ಷೆ ಮಾಡಿ ನೋಡಿದರು. 1912ರ ಹೊತ್ತಿಗೆ, ಸಸ್ಯದ ಎಣ್ಣೆ ಇವತ್ತು ಸಣ್ಣ ವಿಷಯವಾಗಿ ಕಂಡರೂ ಮುಂದೊಂದು ದಿನ ಭೂಮಿಯೊಳಗಿನ ಎಣ್ಣೆಯಷ್ಟೇ ಮುಖ್ಯವಾದೀತು ಎಂಬ ಅಭಿಪ್ರಾಯಕ್ಕೆ ಅವರು ಬಂದಿದ್ದರು.

ಆದರೆ ಆ ಕಾಲದಲ್ಲಿ ಭೂಮಿಯಿಂದ ತೆಗೆದ ಎಣ್ಣೆ ಅಗ್ಗವಾಯಿತು. ಇಂಜಿನ್ ಮಾಡುವವರು ಅದಕ್ಕೇ ಹೊಂದುವ ಹಾಗೆ ಪಂಪು, ನೋಝಲ್ ಮಾಡಿದರು. ಕಡೆಗೆ ಆ ಎಣ್ಣೆಗೇ ಡೀಸೆಲ್ ಎಂದು ಹೆಸರು ಬಿತ್ತು. ಗದ್ದೆಯ ಎಣ್ಣೆಯಲ್ಲೂ ಓಡುವ ಯಂತ್ರ ಕೊಟ್ಟವರ ಹೆಸರನ್ನು ಬಾವಿಯ ಎಣ್ಣೆ ತಕ್ಕೊಂಡು ಹೋಯಿತು.

ಯಾರೂ ಓದದ ಸಹಕಾರದ ಪುಸ್ತಕ

ಇನ್ನು ಎರಡನೆಯ ಕಾರಣ. 1903ರಲ್ಲಿ ಡೀಸೆಲ್‌ರು ಒಂದು ಪುಸ್ತಕ ಪ್ರಕಟಿಸಿದರು, ಹೆಸರು ಸಾಲಿಡಾರಿಸ್ಮುಸ್. ಅದು ಯಂತ್ರದ ಬಗ್ಗೆ ಅಲ್ಲ, ಒಗ್ಗಟ್ಟಿನ ಬದುಕಿನ ಬಗ್ಗೆ. ಕೂಲಿ ಕೆಲಸದವರು ಪ್ರತಿಯೊಬ್ಬರೂ ದಿನಕ್ಕೆ ಕೆಲವು ಕಾಸು ಒಂದು ಸಾಮಾನ್ಯ ನಿಧಿಗೆ ಹಾಕಬೇಕು. ಒಬ್ಬನ ಕಾಸಿಗೆ ಬೆಲೆ ಇಲ್ಲ, ಲಕ್ಷಾಂತರ ಜನರ ಕಾಸಿಗೆ ಬೆಲೆ ಉಂಟು. ಆ ನಿಧಿಯ ಜಾಮೀನಿನ ಮೇಲೆ ಸಾಲ ಎತ್ತಿ ಕೆಲಸದವರದ್ದೇ ಉದ್ಯಮಗಳನ್ನು ಕಟ್ಟಬೇಕು, ಲಾಭ ಅವರಿಗೇ ಬರಬೇಕು. ಇಂಥ ಉದ್ಯಮಗಳಿಗೆ ಅವರು ಕೊಟ್ಟ ಹೆಸರು ಜೇನುಗೂಡು.

ನಮ್ಮ ಸಂಘದ ಪಾಲು ಬಂಡವಾಳ, ಠೇವಣಿ, ಜಾಮೀನು ಸಾಲ ಇದೆಲ್ಲ ಬಲ್ಲ ಸದಸ್ಯರಿಗೆ ಇದು ಹೊಸತಾಗಿ ಕಾಣಲಿಕ್ಕಿಲ್ಲ. ಆ ಪುಸ್ತಕ ಬಂದ ಮರುವರ್ಷವೇ, 1904ರಲ್ಲಿ, ನಮ್ಮ ದೇಶದಲ್ಲಿ ಮೊದಲ ಸಹಕಾರಿ ಕಾನೂನು ಬಂತು. ಅದರ ಆಸರೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಜಿಲ್ಲೆಯ ಊರೂರು ಸುತ್ತಿ ಸಹಕಾರದ ಬೀಜ ಬಿತ್ತಿದರು. ಇಲ್ಲಿ ಆ ಬೀಜ ಮೊಳೆಯಿತು, ಮರವಾಯಿತು. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಅದೇ ಮರದ ಕೊಂಬೆಯಲ್ಲಿ. ಡೀಸೆಲ್‌ರ ಪುಸ್ತಕಕ್ಕೆ ಮಾತ್ರ ಆ ಭಾಗ್ಯ ಬರಲಿಲ್ಲ. ಹತ್ತು ಸಾವಿರ ಪ್ರತಿ ಅಚ್ಚು ಹಾಕಿಸಿದ್ದರು, ಖರ್ಚಾದದ್ದು ಸುಮಾರು ಮುನ್ನೂರು. ಇಂಜಿನ್ನಿಗಿಂತ ಈ ಪುಸ್ತಕವೇ ತನ್ನ ದೊಡ್ಡ ಕೆಲಸ ಎಂದು ಅವರು ನಂಬಿದ್ದರು. ಜಗತ್ತು ಇಂಜಿನ್ ಇಟ್ಟುಕೊಂಡು ಪುಸ್ತಕ ಬಿಟ್ಟಿತು.

ಸಾಲ ಮತ್ತು ಸಮುದ್ರ

ಇಂಜಿನ್ ಗೆದ್ದ ಮೇಲೆ ಹಣ ಹೊಳೆಯಾಗಿ ಬಂತು. ಅಮೇರಿಕದ ಅಡಾಲ್ಫಸ್ ಬುಷ್ ಎಂಬ ಶ್ರೀಮಂತರು ಅಲ್ಲಿಯ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕ್ ಕೊಟ್ಟರು. ಆಗಿನ ಹತ್ತು ಲಕ್ಷ! ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಎದ್ದಿತು. ಆದರೆ ಶುರುವಿನ ಇಂಜಿನ್ನುಗಳು ಗಿರಾಕಿಗಳ ಕೈಯಲ್ಲಿ ಕೆಟ್ಟು ನಿಂತವು. ಕೆಂಪ್ಟನ್ ಊರಿನ ಬೆಂಕಿಪೆಟ್ಟಿಗೆ ಕಾರ್ಖಾನೆಗೆ 1898ರಲ್ಲಿ ಹೋದ ಮೊದಲ ಇಂಜಿನ್ನಿನದ್ದೂ ಇದೇ ಕತೆ. ಪೇಟೆಂಟಿನ ಮೇಲೆ ವ್ಯಾಜ್ಯಗಳು ಬಂದವು. ವಿಶ್ರಾಂತಿ ಇಲ್ಲದ ದುಡಿತದಿಂದ ಆರೋಗ್ಯ ಕೆಟ್ಟು ಚಿಕಿತ್ಸೆಗೆ ಸೇರಬೇಕಾಯಿತು. ಯಂತ್ರದ ಲೆಕ್ಕದಲ್ಲಿ ಕೂದಲೆಳೆ ತಪ್ಪದ ಮನುಷ್ಯ ಹಣದ ಲೆಕ್ಕದಲ್ಲಿ ಎಡವಿದರು. ಎಣ್ಣೆ ಬಾವಿಗಳ ಮೇಲೆ ಹಾಕಿದ ದುಡ್ಡು, ಜಾಗದ ವ್ಯಾಪಾರಕ್ಕೆ ಹಾಕಿದ ದುಡ್ಡು ಎರಡೂ ಮುಳುಗಿದವು. ಮನೆಯವರಿಗೆ, ಸ್ನೇಹಿತರಿಗೆ ವಿಷಯ ಹೇಳಲಿಲ್ಲ. ಹೊರಗೆ ಕೀರ್ತಿ, ಒಳಗೆ ಸಾಲ.

ವಿಚಿತ್ರವೆಂದರೆ ಅದೇ ಸಮಯದಲ್ಲಿ ಅವರ ಯಂತ್ರ ಲೋಕ ಗೆಲ್ಲುತ್ತಿತ್ತು. 1903ರಲ್ಲಿ ರಷ್ಯದಲ್ಲೂ ಫ್ರಾನ್ಸಿನಲ್ಲೂ ಡೀಸೆಲ್ ಇಂಜಿನ್ನಿನ ದೋಣಿಗಳು ನೀರಿಗಿಳಿದವು. 1912ರಲ್ಲಿ ಸೆಲಾಂಡಿಯಾ ಎಂಬ ಡೆನ್ಮಾರ್ಕಿನ ದೊಡ್ಡ ಹಡಗು ಡೀಸೆಲ್ ಇಂಜಿನ್ನಿನಿಂದ ಬ್ಯಾಂಕಾಕಿನವರೆಗೆ ಹೋಯಿತು.

1913ರ ಸೆಪ್ಟೆಂಬರ್ 29ರ ಸಂಜೆ ಡೀಸೆಲ್‌ರು ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಕಂಪೆನಿಯ ಸಭೆ ಇತ್ತು. ಜತೆಗಾರರೊಡನೆ ರಾತ್ರಿ ಊಟ ಮಾಡಿದರು, ಬೆಳಗ್ಗೆ 6.15ಕ್ಕೆ ಎಬ್ಬಿಸಲು ತಿಳಿಸಿ ಹತ್ತು ಗಂಟೆಗೆ ಕೋಣೆಗೆ ಹೋದರು. ಬೆಳಗ್ಗೆ ನೋಡಿದರೆ ಕೋಣೆ ಖಾಲಿ, ಹಾಸಿಗೆ ಮಡಿಕೆ ಮುರಿದಿಲ್ಲ. ಟೊಪ್ಪಿ ಮತ್ತು ಕೋಟು ಹಡಗಿನ ಅಂಚಿನ ಕಂಬಿಯ ಹತ್ತಿರ ಇದ್ದವು. ಹತ್ತು ದಿನದ ಮೇಲೆ ಡಚ್ಚರ ದೋಣಿಯೊಂದಕ್ಕೆ ಹೆಣ ಸಿಕ್ಕಿತು. ಕಿಸೆಯಲ್ಲಿದ್ದ ಕನ್ನಡಕದ ಪೆಟ್ಟಿಗೆ, ಸಣ್ಣ ಚೂರಿ, ಪಾಕೀಟು ತೆಗೆದುಕೊಂಡು ಹೆಣವನ್ನು ನೀರಿಗೇ ಬಿಟ್ಟರು. ಮಗ ಯೂಜೆನ್ ಆ ಸಾಮಾನು ನೋಡಿ ತಂದೆಯದ್ದೇ ಎಂದು ಗುರುತಿಸಿದರು. ಡೈರಿಯಲ್ಲಿ ಸೆಪ್ಟೆಂಬರ್ 29ರ ಎದುರು ಒಂದು ಸಣ್ಣ ಶಿಲುಬೆಯ ಗುರುತು ಇತ್ತಂತೆ. ಕೊಂದರೋ, ಜಾರಿ ಬಿದ್ದರೋ ಎಂದು ಆಗ ಲೋಕವೆಲ್ಲ ಮಾತಾಡಿತು. ಸಾಲ ತಾಳಲಾರದೆ ತಾವೇ ಹಾರಿದರು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ವಯಸ್ಸು 55.

ಒಗ್ಗಟ್ಟಿನ ಪುಸ್ತಕ ಬರೆದವರು ತನ್ನ ಕಷ್ಟವನ್ನು ಒಬ್ಬರೊಡನೆಯೂ ಹಂಚಿಕೊಳ್ಳಲಿಲ್ಲ. ಇದನ್ನು ಓದುವಾಗ ನಮಗೆ ತಡೆಯದೆ ನೆನಪಾಗುವುದು ಸಾಲದ ಕಂತು ತಪ್ಪಿದ ಸದಸ್ಯರು. ಸಂಘದ ಬಾಗಿಲ ಮುಂದೆ ತಲೆ ತಗ್ಗಿಸಿ ಆಚೆ ಬದಿಯಿಂದ ಹೋಗ್ತಾರೆ. ಹಾಗೆ ಹೋಗಬಾರದು, ಒಳಗೆ ಬಂದು ಕೂತು ಮಾತಾಡಬೇಕು. ಸಂಘ ಇರುವುದೇ ಅದಕ್ಕೆ.

ಸಸ್ಯದ ಎಣ್ಣೆ ಮತ್ತೆ ಬಂದದ್ದು

ಡೀಸೆಲ್‌ರು ಹೋದ ಮೇಲೆ ಇಂಜಿನ್ ಹಗುರವಾಯಿತು. 1920ರ ದಶಕದಲ್ಲಿ ಲಾರಿಗೆ, 1936ರಲ್ಲಿ ಮರ್ಸಿಡಿಸ್ ಕಾರಿಗೆ ಬಂತು. ಸಸ್ಯದ ಎಣ್ಣೆಯನ್ನು ಹಾಗೆಯೇ ಹೊಸ ಇಂಜಿನ್ನಿಗೆ ಹಾಕಿದರೆ ತೊಂದರೆ ಇತ್ತು. ಅದು ಡೀಸೆಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪ. ನೋಝಲಿನಲ್ಲಿ ಮಸಿ ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟುತ್ತದೆ. ಇದಕ್ಕೆ 1937ರಲ್ಲಿ ಬೆಲ್ಜಿಯಮ್ಮಿನ ಶಾವಾನ್ ಎಂಬ ವಿಜ್ಞಾನಿ ದಾರಿ ತೋರಿಸಿದರು. ಎಣ್ಣೆಗೆ ಆಲ್ಕೋಹಾಲ್ ಸೇರಿಸಿ ರಾಸಾಯನಿಕ ಕ್ರಿಯೆ ನಡೆಸಿದರೆ ಅದರಲ್ಲಿರುವ ಗ್ಲಿಸರಿನ್ ಬೇರೆಯಾಗಿ ತೆಳ್ಳನೆಯ ಇಂಧನ ಉಳಿಯುತ್ತದೆ. 1938ರಲ್ಲಿ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ತಾಳೆ ಎಣ್ಣೆಯಿಂದ ಹೀಗೆ ಮಾಡಿದ ಇಂಧನದಲ್ಲಿ ಬಸ್ಸು ಓಡಿತು. ಇಂದು ಬಯೋಡೀಸೆಲ್ ಎಂದು ಕರೆಯುವುದು ಇದನ್ನೇ. ಇವತ್ತಿನ ಲೆಕ್ಕದಲ್ಲಿ ನೂರು ಕಿಲೊ ಎಣ್ಣೆ, ಹತ್ತು ಹನ್ನೊಂದು ಕಿಲೊ ಮೆಥನಾಲ್, ಸ್ವಲ್ಪ ಕಾಸ್ಟಿಕ್ ಸೋಡಾ, ಸಾಧಾರಣ 60 ಡಿಗ್ರಿ ಬಿಸಿ. ಸಿಗುವುದು ಹತ್ತಿರ ಹತ್ತಿರ ನೂರು ಕಿಲೊ ಬಯೋಡೀಸೆಲ್ ಮತ್ತು ಹತ್ತು ಕಿಲೊ ಗ್ಲಿಸರಿನ್.

ನಮ್ಮ ದೇಶದಲ್ಲಿ 2002ರ ಡಿಸೆಂಬರ್ 31ರಂದು ದೆಹಲಿ-ಅಮೃತಸರ ರೈಲನ್ನು ಶೇಕಡಾ 5 ಬಯೋಡೀಸೆಲ್ ಬೆರೆಸಿ ಓಡಿಸಿ ನೋಡಿದರು. 2003ರಲ್ಲಿ ಕಾಡುಹರಳು, ಅಂದರೆ ಜತ್ರೋಫಾ, ನೆಡುವ ದೊಡ್ಡ ಯೋಜನೆಯ ಮಾತು ಬಂತು. ನೀರು ಬೇಡ, ಗೊಬ್ಬರ ಬೇಡ, ಬಂಜರಿನಲ್ಲೇ ಬಂಗಾರ ಎಂದೆಲ್ಲ ಪ್ರಚಾರ ಆಯಿತು. ನೆಟ್ಟವರಿಗೆ ಗೊತ್ತಾಯಿತು, ನೀರು ಗೊಬ್ಬರ ಇಲ್ಲದಲ್ಲಿ ಗಿಡ ಬದುಕುತ್ತದೆ, ಬೀಜ ಕೊಡುವುದಿಲ್ಲ. 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇಕಡಾ 20 ಬೆರಕೆಯ ಗುರಿ ಇಟ್ಟಿತು, ಅದು ಮುಟ್ಟಲಿಲ್ಲ. 2018ರ ನೀತಿ ಗುರಿಯನ್ನು ಇಳಿಸಿ 2030ಕ್ಕೆ ಶೇಕಡಾ 5 ಎಂದಿತು.

ಕರ್ನಾಟಕದ ದಾರಿ ಸ್ವಲ್ಪ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾ. ಉಡುಪಿ ಶ್ರೀನಿವಾಸರು ನಮಗೆ ಚಿರಪರಿಚಿತವಾದ ಹೊಂಗೆ ಎಣ್ಣೆಯನ್ನೇ ಹಿಡಿದರು, ಹಳ್ಳಿಗಳಲ್ಲಿ ಅದರಿಂದ ಡೀಸೆಲ್ ಜನರೇಟರ್ ಓಡಿಸಿ ತೋರಿಸಿದರು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಆಯಿತು. ಹೊಂಗೆ, ಬೇವು, ಹಿಪ್ಪೆ ಮರಗಳನ್ನು ಬೇಲಿಯಲ್ಲಿ, ಬದುವಿನಲ್ಲಿ ನೆಡಿ, ಗದ್ದೆಗೆ ಕೈ ಹಾಕಬೇಡಿ ಎಂಬುದು ಅಲ್ಲಿಯ ಉಪದೇಶ. ಇದು ವಿವೇಕದ ಮಾತು.

ಒಳಿತು ಎಂತ, ಕೆಡುಕು ಎಂತ

ಒಳಿತನ್ನು ಮೊದಲು ಹೇಳುವ. ಬಯೋಡೀಸೆಲಿನಲ್ಲಿ ಗಂಧಕ ಇಲ್ಲವೆಂದೇ ಹೇಳಬಹುದು. ಹೊಗೆ, ಮಸಿ, ವಿಷಾನಿಲ ಕಡಿಮೆ. ಯಂತ್ರದ ಭಾಗಗಳಿಗೆ ಜಾರುವ ಗುಣ ಕೊಡುತ್ತದೆ. ಡೀಸೆಲಿನಷ್ಟು ಬೇಗ ಬೆಂಕಿ ಹತ್ತುವುದಿಲ್ಲ, ದಾಸ್ತಾನಿಗೆ ಅಪಾಯ ಕಡಿಮೆ. ನೆಲಕ್ಕೆ ಚೆಲ್ಲಿದರೆ ಕೊಳೆತು ಮಣ್ಣು ಸೇರುತ್ತದೆ. ಹೊಂಗೆಯ ಹಿಂಡಿ ತೋಟಕ್ಕೆ ಒಳ್ಳೆಯ ಗೊಬ್ಬರ. ಎಲ್ಲಕ್ಕಿಂತ ಮುಖ್ಯ, ದುಡ್ಡು ಊರಿನಲ್ಲೇ ಉಳಿಯುತ್ತದೆ.

ಕೆಡುಕೂ ಅಷ್ಟೇ ಉಂಟು. ಲೀಟರಿಗೆ ಸಿಗುವ ಶಕ್ತಿ ಡೀಸೆಲಿಗಿಂತ ಶೇಕಡಾ 8-10 ಕಡಿಮೆ. ಕೆಲವು ಹೊಗೆ ಕಮ್ಮಿ ಆದರೂ ಸಾರಜನಕದ ಆಕ್ಸೈಡುಗಳು ತುಸು ಹೆಚ್ಚಾಗಬಹುದು. ಹಳೆಯ ಗಾಡಿಯ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿಯ ಹಳೆಯ ಕೊಳೆಯನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ತುಂಬುತ್ತದೆ. ನೀರು ಹೀರುತ್ತದೆ, ಹೆಚ್ಚು ದಿನ ಇಟ್ಟರೆ ಹಳಸುತ್ತದೆ. ನಾಲ್ಕು ತಿಂಗಳು ಗೋಡೆಯೇ ಬೆವರುವ ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಮಾಡುವಾಗ ಬಳಸುವ ಮೆಥನಾಲ್ ವಿಷ, ಬೆಂಕಿಗೂ ಹತ್ತಿರ. ಮನೆಯ ಹಿತ್ತಿಲಿನಲ್ಲಿ ಆಟ ಆಡುವ ವಸ್ತು ಅಲ್ಲ. ಮಾರುವುದಾದರೆ ಐ.ಎಸ್. 15607 ಎಂಬ ಮಾನಕಕ್ಕೆ ಸರಿಹೊಂದಬೇಕು, ಸರಕಾರದ ನಿಯಮ ಪಾಲಿಸಬೇಕು.

ಇನ್ನೊಂದು ದೊಡ್ಡ ಕೆಡುಕು ನೆಲದ್ದು. ಇಂಡೋನೇಷ್ಯಾ 2025ರಲ್ಲಿ ಡೀಸೆಲಿಗೆ ಶೇಕಡಾ 40 ತಾಳೆ ಎಣ್ಣೆಯ ಬಯೋಡೀಸೆಲ್ ಬೆರೆಸಲು ಹೊರಟಿತು. ಅಲ್ಲಿ ತಾಳೆಗಾಗಿ ಎಷ್ಟು ಕಾಡು ಹೋಯಿತು ಎಂದು ಲೋಕವೇ ನೋಡಿದೆ. ಕಾಡು ಕಡಿದು ಬೆಳೆಸಿದ ಎಣ್ಣೆಯಿಂದ ಹವಾಮಾನಕ್ಕೆ ಲಾಭಕ್ಕಿಂತ ನಷ್ಟವೇ ಹೆಚ್ಚು. ತಿನ್ನುವ ಎಣ್ಣೆ ಗಾಡಿಗೆ ಹೋದರೆ ಬಡವರ ಒಗ್ಗರಣೆಗೆ ತತ್ವಾರ. ನಮ್ಮ ತೆಂಗಿನೆಣ್ಣೆಯ ಬೆಲೆ ನೋಡಿದರೆ ಅದನ್ನು ಗಾಡಿಗೆ ಹಾಕುವ ಮಾತೇ ಇಲ್ಲ.

ನಮ್ಮ ಊರಿನ ಲೆಕ್ಕ

ಈಗ ಪೆನ್ಸಿಲು ಹಿಡಿದು ಕೂತು ಒಂದು ಲೆಕ್ಕ ಹಾಕುವ. ಊರಿನ ಮಿಲ್ಲಿನಲ್ಲಿ ಸುಮಾರು ನಾಲ್ಕು ಕಿಲೊ ಹೊಂಗೆ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಬೆಳ್ತಂಗಡಿ, ವೇಣೂರು, ಮೂಡಬಿದಿರೆ ಅಂತ ದಿನಕ್ಕೆ 200 ಕಿಲೋಮೀಟರ್ ಓಡುವ ಒಂದು ಬಸ್ಸು, ಲೀಟರಿಗೆ ನಾಲ್ಕೈದು ಕಿಲೋಮೀಟರ್. ದಿನಕ್ಕೆ 40ರಿಂದ 50 ಲೀಟರ್ ಬೇಕು. ಅಂದರೆ 160ರಿಂದ 200 ಕಿಲೊ ಬೀಜ. ವರ್ಷಕ್ಕೆ 300 ದಿನ ಹಿಡಿದರೆ 48,000ದಿಂದ 60,000 ಕಿಲೊ. ಮರಕ್ಕೆ ಇಪ್ಪತ್ತು ಕಿಲೊ ಎಂದು ಇಟ್ಟುಕೊಂಡರೂ 2,400ರಿಂದ 3,000 ಬೆಳೆದ ಮರ ಬೇಕು, ಬರೀ ಒಂದು ಬಸ್ಸಿಗೆ! ಮಳೆ ಬರುವ ಮೊದಲು ಅಷ್ಟನ್ನು ಹೆಕ್ಕಿ, ಒಣಗಿಸಿ, ಸಿಪ್ಪೆ ತೆಗೆಯಲು ಜನ ಎಲ್ಲಿ? ಅಡಿಕೆ ಕೊಯ್ಲಿಗೇ ಜನ ಸಿಗುವುದಿಲ್ಲ.

ಆದರೆ ಲೆಕ್ಕವನ್ನು ತಿರುಗಿಸಿ ನೋಡುವ. ಐದು ಎಚ್.ಪಿ.ಯ ಡೀಸೆಲ್ ಪಂಪು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಕರೆಂಟು ಇಲ್ಲದ ಹೊತ್ತಿಗೆ ವರ್ಷದಲ್ಲಿ ನೂರು ಗಂಟೆ ಓಡಿಸಿದರೆ ನೂರು ಲೀಟರ್, 400 ಕಿಲೊ ಬೀಜ, ಇಪ್ಪತ್ತು ಮರ. ಅದರೊಟ್ಟಿಗೆ 300 ಕಿಲೊದಷ್ಟು ಹಿಂಡಿ. ಗುಡ್ಡೆಯ ಬದಿಯಲ್ಲಿ, ಬೇಲಿಯಲ್ಲಿ ಇಪ್ಪತ್ತು ಮರ ಅನೇಕರಿಗೆ ಆಗದ ಮಾತಲ್ಲ. ಅಂದರೆ ಹೊಂಗೆ ನಮ್ಮ ಪೇಟೆಯ ಬಸ್ಸು ಓಡಿಸಲಿಕ್ಕಿಲ್ಲ, ನಮ್ಮ ತೋಟದ ಪಂಪಿಗೆ ಆಸರೆ ಆದೀತು. ರಬ್ಬರ್ ಬೀಜದ ಎಣ್ಣೆಯಲ್ಲಿ ಹುಳಿ ಅಂಶ ಹೆಚ್ಚು, ಅದನ್ನು ಮೊದಲು ಇಳಿಸಬೇಕು, ಖರ್ಚು ಏರುತ್ತದೆ. ಕರಿದ ಎಣ್ಣೆಯ ಮಟ್ಟಿಗೆ 2018ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಯೋಜನೆ ಉಂಟು. ಹೋಟೆಲು, ಸಭಾಭವನಗಳಿಂದ ಅದನ್ನು ಒಟ್ಟು ಮಾಡಿ ಪರವಾನಿಗೆ ಇದ್ದವರಿಗೆ ಕೊಟ್ಟರೆ ಇಂಧನಕ್ಕೂ ಆಯಿತು, ಅದೇ ಎಣ್ಣೆ ಮತ್ತೆ ಬಾಣಲೆಗೆ ಬೀಳುವುದೂ ತಪ್ಪಿತು. ಸಂಘಗಳು ಕೈ ಹಾಕುವುದಾದರೆ ಮೊದಲು ಇಂಥ ಬಂಡವಾಳ ಇಲ್ಲದ ಕೆಲಸಕ್ಕೆ ಕೈ ಹಾಕುವುದು ಕ್ಷೇಮ. ಸಾಲ ಎತ್ತಿ ಮಿಲ್ಲು ಹಾಕುವ ಮೊದಲು ಬೀಜ ಎಷ್ಟು ಬರ್ತದೆ ಎಂದು ಎರಡು ಬೇಸಗೆ ತೂಗಿ ನೋಡಬೇಕು.

ಮಂಗಳೂರಿನ ಎಣ್ಣೆ ಬೆಂಗಳೂರಿಗೆ ಹೋಗುವ ಕೊಳವೆ ನಮ್ಮ ಬಂಟ್ವಾಳ, ಬೆಳ್ತಂಗಡಿಯ ಮಣ್ಣಿನ ಅಡಿಯಲ್ಲೇ ಹೋಗ್ತದೆ. ನೆರಿಯದಲ್ಲಿ ಅದನ್ನು ಘಟ್ಟಕ್ಕೆ ಹತ್ತಿಸುವ ಪಂಪು ಉಂಟು. ದೂರದ ದೇಶದ ಎಣ್ಣೆ ನಮ್ಮ ಕಾಲ ಕೆಳಗೆ ಹರಿಯುತ್ತದೆ, ನಮ್ಮದೇ ಬೀಜ ತಲೆ ಮೇಲಿಂದ ಉದುರುತ್ತದೆ. ಎರಡರ ನಡುವೆ ನಾವು ನಿಂತಿದ್ದೇವೆ. ಒಂದನ್ನು ಬಿಟ್ಟು ಇನ್ನೊಂದು ಎಂದು ಹಾರುವ ಕಾಲ ಇದಲ್ಲ. ಅಳೆದು ಸುರಿದು ಸ್ವಲ್ಪ ಸ್ವಲ್ಪ ಮಾಡುವ ಕಾಲ.

ರುಡಾಲ್ಫ್ ಡೀಸೆಲ್‌ರು ಎರಡು ಗಂಟು ಬಿಟ್ಟು ಹೋದರು, ಒಂದು ಯಂತ್ರ, ಇನ್ನೊಂದು ಯಾರೂ ಓದದ ಪುಸ್ತಕ. ಯಂತ್ರ ನಮ್ಮ ಮನೆ ಮನೆಗೆ ಬಂತು. ಪುಸ್ತಕದಲ್ಲಿದ್ದ ಆಸೆಯನ್ನು, ಅವರ ಹೆಸರು ಕೂಡ ಕೇಳದೆ, ನಮ್ಮ ಹಿರಿಯರು ನಾಲ್ಕಾಣೆ ಎಂಟಾಣೆ ಕೂಡಿಸಿ ಈ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ನಡೆಸಿ ತೋರಿಸಿದರು. ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಸಂಘವನ್ನು ಕಟ್ಟಿ ಬೆಳೆಸಿದ ಎಲ್ಲರನ್ನೂ ನೆನೆಯುತ್ತಾ, ಬರುವ ಮಳೆಗಾಲಕ್ಕೆ ಸದಸ್ಯರೊಬ್ಬೊಬ್ಬರು ತಮ್ಮ ಬೇಲಿಯಲ್ಲಿ ಎರಡು ಹೊಂಗೆ ಗಿಡ ನೆಡಲಿ ಎಂದು ಕೇಳಿಕೊಳ್ಳುತ್ತೇವೆ. ಸುವರ್ಣ ಮಹೋತ್ಸವದ ಹೊತ್ತಿಗೆ ಎಣ್ಣೆ ಸಿಗದಿದ್ದರೂ ನೆರಳಂತೂ ಸಿಕ್ಕೀತು.